ನಾಲ್ಕು ಬಾರಿ ಕಾನ್ಸಲ್, ಅಂತ್ಯಕ್ರಿಯೆಗೆ ದುಡ್ಡಿಲ್ಲ: ಪಬ್ಲಿಕೋಲನ ಕಥೆಯಲ್ಲಿ ನಂಬುವುದೆಷ್ಟು?

ಹಳೆಯ ಪುಟ

ರೋಮ್ ಎಂದ ಕೂಡಲೇ ನಮ್ಮ ಮಾತು ಜೂಲಿಯಸ್ ಸೀಸರನ ಕೊಲೆಗೋ ನೀರೋನ ಪಿಟೀಲಿಗೋ ಹಾರುತ್ತದೆ. ಸೀಸರನಿಗಿಂತ ನಾಲ್ಕೂವರೆ ಶತಮಾನ ಮೊದಲು ಬದುಕಿದ್ದ ಒಬ್ಬ ಸೇನಾನಿಯ ಬಗ್ಗೆ ಇಲ್ಲಿ ಮಾತನಾಡೋಣ ಎಂದು ಈ ಎಳೆ ತೆರೆದಿದ್ದೇನೆ. ಹೆಸರು ಪಬ್ಲಿಯಸ್ ವಲೇರಿಯಸ್. ಜನ ಕೊಟ್ಟ ಬಿರುದು ಪಬ್ಲಿಕೋಲ, ಜನರನ್ನು ಆದರಿಸುವವನು. ಕ್ರಿ.ಪೂ. 509, 508, 507 ಮತ್ತು 504ರಲ್ಲಿ ಕಾನ್ಸಲ್, ಅಂದರೆ ರೋಮಿನ ಅತ್ಯುನ್ನತ ಅಧಿಕಾರಿ, ಆಗಿದ್ದನೆಂದು ರೋಮಿನ ಪಟ್ಟಿಗಳು ಹೇಳುತ್ತವೆ.

ಕಥೆ ಗೊತ್ತಿಲ್ಲದವರಿಗಾಗಿ: ರಾಜ ಟಾರ್ಕ್ವಿನ್‌ನ ಮಗ ಲುಕ್ರೀಷಿಯಳ ಮೇಲೆ ಅತ್ಯಾಚಾರ ಎಸಗುತ್ತಾನೆ. ಆಕೆ ತಂದೆಗೂ ಗಂಡನಿಗೂ ಹೇಳಿಕಳುಹಿಸುತ್ತಾಳೆ. ತಂದೆಯ ಜೊತೆಗೆ ಬಂದವನು ನಮ್ಮ ವಲೇರಿಯಸ್, ಗಂಡ ಕೊಲಾಟಿನಸ್‌ನ ಜೊತೆಗೆ ಬಂದವನು ಬ್ರೂಟಸ್. ನಡೆದದ್ದನ್ನು ಹೇಳಿ, ನಾಲ್ವರ ಕಣ್ಣೆದುರಿಗೇ ಆಕೆ ಇರಿದುಕೊಂಡು ಸಾಯುತ್ತಾಳೆ. ಅಲ್ಲಿಂದ ದಂಗೆ, ರಾಜಮನೆತನದ ಗಡೀಪಾರು. ಒಬ್ಬ ರಾಜನ ಜಾಗಕ್ಕೆ ವರ್ಷಕ್ಕೊಮ್ಮೆ ಬದಲಾಗುವ ಇಬ್ಬರು ಅಧಿಕಾರಿಗಳು ಬಂದರು. ಮೊದಲ ಜೋಡಿ ಬ್ರೂಟಸ್ ಮತ್ತು ಕೊಲಾಟಿನಸ್. ಕೊಲಾಟಿನಸ್ ಕೂಡ ಟಾರ್ಕ್ವಿನ್ ವಂಶದವನೇ ಎಂಬ ಕಾರಣಕ್ಕೆ ಅವನನ್ನು ಇಳಿಸಿದರು, ಆ ಸ್ಥಾನಕ್ಕೆ ವಲೇರಿಯಸ್ ಬಂದ. ಪದಚ್ಯುತ ರಾಜ ನೆರೆನಾಡಿನ ಎಟ್ರುಸ್ಕನ್ನರ ಸೈನ್ಯ ಕಟ್ಟಿಕೊಂಡು ಬಂದಾಗ ಆರ್ಸಿಯ ಕಾಡಿನ ಬಳಿ ಕಾಳಗವಾಯಿತು. ಬ್ರೂಟಸ್ ಮತ್ತು ರಾಜಕುಮಾರ ಆರುನ್ಸ್ ಒಬ್ಬರನ್ನೊಬ್ಬರು ಈಟಿಯಿಂದ ತಿವಿದು ಸತ್ತರು. ವಲೇರಿಯಸ್ ಗೆದ್ದು ಊರಿಗೆ ಬಂದ. ಗ್ರೀಕ್ ಜೀವನಚರಿತ್ರೆಕಾರ ಪ್ಲುಟಾರ್ಕ್ ಹೇಳುವಂತೆ, ನಾಲ್ಕು ಕುದುರೆಗಳ ರಥದಲ್ಲಿ ವಿಜಯೋತ್ಸವ ಮಾಡಿಕೊಂಡು ನಗರ ಪ್ರವೇಶಿಸಿದ ಮೊದಲ ಕಾನ್ಸಲ್ ಇವನೇ.

ಈಗ ಅಧಿಕಾರದಲ್ಲಿ ಅವನೊಬ್ಬನೇ. ಬ್ರೂಟಸ್‌ನ ಜಾಗ ತುಂಬಿಸಲು ಅವಸರ ತೋರಲಿಲ್ಲ. ಸಾಲದ್ದಕ್ಕೆ ವೇಲಿಯ ಎಂಬ ದಿಬ್ಬದ ನೆತ್ತಿಯಲ್ಲಿ, ಕೆಳಗಿನ ಫೋರಂ ಎಂಬ ಊರಚೌಕ ಇಡೀ ಕಣ್ಣಳತೆಗೆ ಸಿಗುವ ಜಾಗದಲ್ಲಿ, ದೊಡ್ಡ ಮನೆ ಕಟ್ಟಿಸುತ್ತಿದ್ದ. ರಾಜನನ್ನು ಓಡಿಸಿ ವರ್ಷ ತುಂಬಿಲ್ಲ, ಇನ್ನೊಬ್ಬ ರಾಜ ತಯಾರಾಗುತ್ತಿದ್ದಾನೆ ಎಂದು ಜನ ಗುಸುಗುಸು ಶುರುಮಾಡಿದರು. ಗೆಳೆಯರು ಬಂದು ವಿಷಯ ತಿಳಿಸಿದಾಗ ವಲೇರಿಯಸ್ ವಾದಕ್ಕೆ ನಿಲ್ಲಲಿಲ್ಲ. ಅದೇ ರಾತ್ರಿ ಕೆಲಸದವರನ್ನು ಕರೆಸಿ ಮನೆಯನ್ನು ನೆಲಸಮ ಮಾಡಿಸಿದ. ಬೆಳಗಾಗುವಷ್ಟರಲ್ಲಿ ಅಲ್ಲಿ ಬರೀ ಕಲ್ಲುಮಣ್ಣಿನ ರಾಶಿ. ಜನ ಮತ್ತೊಂದು ನಿವೇಶನ ಕೊಡುವವರೆಗೆ ಸ್ನೇಹಿತರ ಮನೆಯಲ್ಲಿ ಉಳಿದುಕೊಂಡ. ಆಮೇಲೆ ಸಭೆಗೆ ಬಂದಾಗ, ಅಧಿಕಾರದ ಗುರುತಾಗಿ ಲಿಕ್ಟರ್‌ಗಳೆಂಬ ಸೇವಕರು ಹೊತ್ತು ನಡೆಯುತ್ತಿದ್ದ ಬೆತ್ತದ ಕಟ್ಟುಗಳನ್ನು ಜನರ ಮುಂದೆ ತಗ್ಗಿಸಿ ಹಿಡಿಯುವಂತೆ ಅಪ್ಪಣೆ ಮಾಡಿದ. ನಗರದೊಳಗೆ ಆ ಕಟ್ಟುಗಳಿಂದ ಕೊಡಲಿಯನ್ನು ತೆಗೆಸಿದ. ಕಾನೂನುಗಳನ್ನು ತಂದ, ಎಟ್ರುಸ್ಕನ್ ರಾಜ ಪೋರ್ಸೆನ್ನನ ಮುತ್ತಿಗೆ ಎದುರಿಸಿದ, ನೆರೆಯ ಸಬೈನರನ್ನು ಸೋಲಿಸಿದ. 503ರಲ್ಲಿ ಸತ್ತಾಗ ಅಂತ್ಯಕ್ರಿಯೆಗೆ ಮನೆಯಲ್ಲಿ ದುಡ್ಡಿರಲಿಲ್ಲವಂತೆ. ಖರ್ಚನ್ನು ಸಾರ್ವಜನಿಕರು ವಹಿಸಿಕೊಂಡರು. ಬ್ರೂಟಸ್‌ಗಾಗಿ ಶೋಕಿಸಿದಂತೆಯೇ ಹೆಂಗಸರು ಇವನಿಗಾಗಿಯೂ ಶೋಕ ಆಚರಿಸಿದರು.

ಇಷ್ಟೊಂದು ಒಳ್ಳೆಯ ಮನುಷ್ಯನನ್ನು ಇತಿಹಾಸದಲ್ಲಿ ಕಂಡರೆ ನನಗೆ ಅನುಮಾನ ಬರುತ್ತದೆ. ನೀವೇನು ಹೇಳುತ್ತೀರಿ?

ಸಂಶಯಾತ್ಮ

ಅನುಮಾನ ಬರಲೇಬೇಕು. ರೋಮಿನ ಇತಿಹಾಸಕಾರ ಲಿವಿ ಇದನ್ನು ಬರೆದದ್ದು ಘಟನೆ ನಡೆದು ಸುಮಾರು 480 ವರ್ಷಗಳ ನಂತರ, ಪ್ಲುಟಾರ್ಕ್ ಇನ್ನೂ ನೂರಕ್ಕೂ ಹೆಚ್ಚು ವರ್ಷ ತಡವಾಗಿ. ರೋಮನ್ನರಲ್ಲಿ ಇತಿಹಾಸ ಬರೆದ ಮೊದಲಿಗ ಫೇಬಿಯಸ್ ಪಿಕ್ಟರ್ ಇದ್ದದ್ದು ಕ್ರಿ.ಪೂ. 200ರ ಸುಮಾರಿಗೆ. ನಡುವೆ, ಕ್ರಿ.ಪೂ. 390ರ ಸುಮಾರಿಗೆ, ಗಾಲ್ ಜನ ರೋಮನ್ನು ಸುಟ್ಟರು, ಹಳೆಯ ದಾಖಲೆಗಳಲ್ಲಿ ಬಹುಪಾಲು ಅದರಲ್ಲೇ ಹೋದವು ಎಂದು ಲಿವಿಯೇ ತನ್ನ ಆರನೆಯ ಸಂಪುಟದ ಆರಂಭದಲ್ಲಿ ಹೇಳುತ್ತಾನೆ.

ಇದಕ್ಕಿಂತ ದೊಡ್ಡ ತೊಂದರೆ ಮನೆತನದ್ದು. ವಲೇರಿಯಸ್ ವಂಶ ಸಾಮ್ರಾಜ್ಯದ ಕಾಲದವರೆಗೂ ಅಧಿಕಾರದಲ್ಲಿತ್ತು. ಲಿವಿಗೆ ಆಕರವಾಗಿದ್ದ ಒಬ್ಬ ಚರಿತ್ರೆಕಾರನ ಹೆಸರೇ ವಲೇರಿಯಸ್ ಆಂಟಿಯಾಸ್! ಹತರ ಸಂಖ್ಯೆಯನ್ನು ಉಬ್ಬಿಸುವುದರಲ್ಲಿ ಅವನಿಗೆ ಸಾಟಿಯಿಲ್ಲ ಎಂದು ಲಿವಿಯೇ ಬೇಸರಪಟ್ಟುಕೊಂಡಿದ್ದಾನೆ. ಆರ್ಸಿಯ ಕಾಳಗದ ಲೆಕ್ಕ ನೋಡಿ. ಕತ್ತಲಾದ ಮೇಲೆ ಕಾಡಿನೊಳಗಿಂದ ಒಂದು ದೇವವಾಣಿ ಕೇಳಿತಂತೆ, ಎಟ್ರುಸ್ಕನ್ನರ ಕಡೆ ಒಬ್ಬ ಹೆಚ್ಚು ಸತ್ತಿದ್ದಾನೆ, ಆದ್ದರಿಂದ ಗೆಲುವು ರೋಮನ್ನರದು ಎಂದು. ಪ್ಲುಟಾರ್ಕ್ ಅಂಕಿಯನ್ನೂ ಕೊಡುತ್ತಾನೆ: ಅತ್ತ 11,300, ಇತ್ತ ಅದಕ್ಕಿಂತ ಒಬ್ಬ ಕಡಿಮೆ. ಹೆಣ ಎಣಿಸಿದವರು ಯಾರು?

ಇನ್ನು ಕಾನೂನಿನ ವಿಷಯ. ಮೇಲ್ಮನವಿಯ ಹಕ್ಕು ಕೊಟ್ಟ ಕಾನೂನನ್ನು 509ರಲ್ಲಿ ಒಬ್ಬ ವಲೇರಿಯಸ್ ತಂದ, 449ರಲ್ಲಿ ಇನ್ನೊಬ್ಬ ವಲೇರಿಯಸ್ ತಂದ, 300ರಲ್ಲಿ ಮತ್ತೊಬ್ಬ ವಲೇರಿಯಸ್ ತಂದ. ಮೂರು ಸಲವೂ ಅದೇ ಮನೆತನ ಎಂಬುದು ಲಿವಿಗೂ ಹೊಳೆದಿದೆ. 300ರ ಕಾನೂನು ಮಾತ್ರ ನಿಜ, ಹಿಂದಿನೆರಡು ಅದರ ನೆರಳು ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ನನ್ನದೂ ಅದೇ.

ಕಾನೂನು ವಿದ್ಯಾರ್ಥಿನಿ

ಆ ಮೇಲ್ಮನವಿ ಅಂದರೆ ನಿಖರವಾಗಿ ಏನು? ನಮ್ಮ ಹೈಕೋರ್ಟಿಗೆ ಹೋಗುವ ಹಾಗೆಯೇ?

ಇತಿಹಾಸ ಮೇಷ್ಟ್ರು

ಅಲ್ಲ. ಅಲ್ಲಿ ಮೇಲಿನ ನ್ಯಾಯಾಲಯ ಎಂಬುದೇ ಇರಲಿಲ್ಲ. ಕಾನ್ಸಲ್ ಒಬ್ಬ ಪ್ರಜೆಗೆ ಚಾಟಿಯೇಟು ಅಥವಾ ಮರಣದಂಡನೆ ವಿಧಿಸಹೊರಟರೆ, ಆ ವ್ಯಕ್ತಿ ಅಲ್ಲಿಯೇ ಕೂಗಿ ಜನರ ರಕ್ಷಣೆ ಬೇಡಬಹುದಿತ್ತು. ಆಗ ತೀರ್ಪು ಜನಸಭೆಯದು. ಬೆತ್ತದ ಕಟ್ಟಿನಲ್ಲಿ ಬೆತ್ತ ಇರುವುದು ಹೊಡೆಯಲು, ಕೊಡಲಿ ಇರುವುದು ತಲೆ ತೆಗೆಯಲು. ನಗರದೊಳಗೆ ಕೊಡಲಿಯನ್ನು ತೆಗೆಸುವುದೂ ಈ ಹಕ್ಕನ್ನು ಕೊಡುವುದೂ ಒಂದೇ ಆಲೋಚನೆಯ ಎರಡು ಮುಖಗಳು. ನಗರದ ಹೊರಗೆ ದಂಡಿನಲ್ಲಿ ಕೊಡಲಿ ಮತ್ತೆ ಕಟ್ಟಿಗೆ ಸೇರುತ್ತಿತ್ತು, ಅಲ್ಲಿ ಸೇನಾನಿಯ ಮಾತೇ ಕಡೆಯದು.

ಇದರ ಜೊತೆಗೇ ಅವನು ಇನ್ನೊಂದು ಕಾನೂನನ್ನೂ ತಂದನೆಂದು ಹೇಳುತ್ತಾರೆ. ಅರಸನಾಗಲು ಹವಣಿಸುವವನ ತಲೆಯೂ ಆಸ್ತಿಯೂ ದೇವರಿಗೆ ಸಲ್ಲತಕ್ಕದ್ದು. ಪ್ಲುಟಾರ್ಕ್ ಬಿಡಿಸಿ ಹೇಳುತ್ತಾನೆ: ಅಂಥವನನ್ನು ಯಾರು ಬೇಕಾದರೂ ವಿಚಾರಣೆಯಿಲ್ಲದೆ ಕೊಲ್ಲಬಹುದು, ಕೊಂದವನು ಆಮೇಲೆ ಪುರಾವೆ ತೋರಿಸಿದರೆ ಸಾಕು.

ಕಾನೂನು ವಿದ್ಯಾರ್ಥಿನಿ

ಒಂದು ನಿಮಿಷ ಸರ್. ಒಂದು ಕಾನೂನು ಕಳ್ಳನಿಗೂ ಮೇಲ್ಮನವಿ ಕೊಡುತ್ತದೆ, ಪಕ್ಕದ ಕಾನೂನು ಬರೀ ಸಂಶಯದ ಮೇಲೆ ಕೊಲ್ಲಲು ಬಿಡುತ್ತದೆ. ಎರಡನ್ನೂ ಒಬ್ಬನೇ ಒಂದೇ ವರ್ಷ ಹೇಗೆ ತಂದ? ಸತ್ತವನು ತನ್ನ ಪರವಾಗಿ ಏನು ಹೇಳಬೇಕು?

ಇತಿಹಾಸ ಮೇಷ್ಟ್ರು

ಪ್ರಶ್ನೆ ಸರಿಯಾದ ಜಾಗಕ್ಕೇ ತಗುಲಿತು ತಾಯಿ. ಪ್ಲುಟಾರ್ಕ್‌ಗೂ ಇದು ಚುಚ್ಚಿದೆ. ಅವನು ಪಬ್ಲಿಕೋಲನನ್ನು ಅಥೆನ್ಸಿಗೆ ಕಾನೂನು ಕೊಟ್ಟ ಸೋಲನ್ ಜೊತೆ ಜೋಡಿಸಿ ಬರೆದವನು; ಸೋಲನ್ನನ ಕಾನೂನಿನಲ್ಲಿ ಮೊದಲು ವಿಚಾರಣೆ, ಆಮೇಲೆ ಶಿಕ್ಷೆ ಎಂದು ಹೋಲಿಸಿ ತೋರಿಸಿದ್ದಾನೆ.

ಈ ಎರಡನೆಯ ಕಾನೂನಿನ ನೆರಳು ರೋಮಿನ ಮೇಲೆ ಬಹಳ ಕಾಲ ಬಿತ್ತು. ಮೂರು ಬಾರಿ ಕಾನ್ಸಲ್ ಆಗಿದ್ದ ಸ್ಪೂರಿಯಸ್ ಕ್ಯಾಸಿಯಸ್ ಬಡವರಿಗೆ ಜಮೀನು ಹಂಚಲು ಹೊರಟ, ಅರಸನಾಗುವ ಆಸೆ ಎಂದು 485ರಲ್ಲಿ ಅವನನ್ನು ಮುಗಿಸಿದರು. 439ರ ಬರಗಾಲದಲ್ಲಿ ಸ್ಪೂರಿಯಸ್ ಮೇಲಿಯಸ್ ಎಂಬ ಶ್ರೀಮಂತ ಪ್ಲೆಬಿಯನ್ (ಕುಲೀನನಲ್ಲದ ಸಾಮಾನ್ಯ ಪ್ರಜೆ) ಸ್ವಂತ ಹಣದಿಂದ ಧಾನ್ಯ ಕೊಂಡು ಜನರಿಗೆ ಕೊಟ್ಟ. ಸರ್ವಿಲಿಯಸ್ ಅಹಾಲ ಅವನನ್ನು ಹಾಡುಹಗಲೇ ಕೊಂದ. ಕೊಂದವನನ್ನು ಸಿಸೆರೊ ನಾಲ್ಕು ಶತಮಾನಗಳ ನಂತರವೂ ಆದರ್ಶವೆಂದು ಹೊಗಳುತ್ತಾನೆ. ಜನರಿಗೆ ಅನ್ನ ಹಾಕಿದ ಮೇಲಿಯಸ್ ದ್ರೋಹಿ, ಜನರ ಮುಂದೆ ಕಟ್ಟು ತಗ್ಗಿಸಿದ ವಲೇರಿಯಸ್ ಜನಾನುರಾಗಿ. ಇಬ್ಬರ ನಡುವಿನ ವ್ಯತ್ಯಾಸ ಹುಟ್ಟಿದ ಮನೆಯದು ಎಂದು ನನಗೆ ಅನಿಸುತ್ತದೆ.

ಘಟಪ್ರಭಾ

ಎಲ್ಲರೂ ಕಾನೂನಿನ ಹಿಂದೆ ಬಿದ್ದಿರಿ, ಮನುಷ್ಯ ಸೇನಾನಿ ಎಂಬುದನ್ನೇ ಮರೆತಿರಿ. ಪೋರ್ಸೆನ್ನನ ಮುತ್ತಿಗೆಯ ಕಾಲದಲ್ಲಿ ಅವನು ಹೂಡಿದ ಬಲೆ ನನಗೆ ಇಡೀ ಕಥೆಯಲ್ಲೇ ಅತ್ಯಂತ ಇಷ್ಟವಾದ ಭಾಗ.

ಎಟ್ರುಸ್ಕನ್ನರು ಟೈಬರ್ ನದಿಯ ಆಚೆ ದಡದಲ್ಲಿ ಬೀಡುಬಿಟ್ಟು, ದೋಣಿಗಳಲ್ಲಿ ಈಚೆಗೆ ಬಂದು ಹಳ್ಳಿಗಳನ್ನು ಲೂಟಿ ಮಾಡುತ್ತಿದ್ದರು. ದನಕರುಗಳನ್ನು ಗೋಡೆಯ ಹೊರಗೆ ಬಿಡುವ ಧೈರ್ಯ ಯಾರಿಗೂ ಇರಲಿಲ್ಲ. ಚಿಕ್ಕಪುಟ್ಟ ಲೂಟಿಯನ್ನು ವಲೇರಿಯಸ್ ಕಂಡೂ ಕಾಣದಂತೆ ಇದ್ದ. ದೊಡ್ಡ ಗುಂಪು ಬರಲಿ ಎಂದು ಕಾದ. ನಂತರ ಒಂದು ದಿನ, ನಾಳೆ ಶತ್ರುವಿನ ಕಡೆಯಿಂದ ಅತಿ ದೂರವಿರುವ ಎಸ್ಕ್ವಿಲಿನ್ ಬಾಗಿಲಿನಿಂದ ಎಲ್ಲರೂ ದನಗಳನ್ನು ಹೊರಗೆ ಹೊಡೆದುಕೊಂಡು ಹೋಗಬೇಕು ಎಂದು ಡಂಗುರ ಹಾಕಿಸಿದ. ಹಸಿದ ಊರಿನಲ್ಲಿ ನಿಷ್ಠೆ ಕೆಟ್ಟ ಗುಲಾಮರು ಓಡಿಹೋಗಿ ಸುದ್ದಿ ಮುಟ್ಟಿಸುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು, ಹಾಗೆಯೇ ಆಯಿತು. ಎಲ್ಲವನ್ನೂ ಒಮ್ಮೆಗೇ ದೋಚುವ ಆಸೆಯಲ್ಲಿ ದೊಡ್ಡ ದಂಡು ಹೊಳೆ ದಾಟಿತು.

ಗಾಬಿಗೆ ಹೋಗುವ ದಾರಿಯಲ್ಲಿ ಎರಡನೆಯ ಮೈಲಿಗಲ್ಲಿನ ಬಳಿ ಹರ್ಮಿನಿಯಸ್ ಸಣ್ಣ ತುಕಡಿಯೊಡನೆ ಅಡಗಿದ್ದ. ಕೊಲೈನ್ ಬಾಗಿಲಿನಲ್ಲಿ ಲಾರ್ಷಿಯಸ್ ಹಗುರ ಶಸ್ತ್ರದ ಹುಡುಗರೊಂದಿಗೆ ನಿಂತಿದ್ದ. ಶತ್ರು ತನ್ನನ್ನು ಹಾದುಹೋಗಲು ಬಿಟ್ಟು, ನದಿಗೆ ಮರಳುವ ದಾರಿ ಕಡಿಯುವುದು ಅವನ ಕೆಲಸ. ಸಹ ಕಾನ್ಸಲ್ ಟೈಟಸ್ ಲುಕ್ರೀಷಿಯಸ್ ನೇವಿಯ ಬಾಗಿಲಿನಿಂದ, ವಲೇರಿಯಸ್ ಸ್ವತಃ ಸೀಲಿಯನ್ ಗುಡ್ಡದಿಂದ ಇಳಿದ. ಶತ್ರುವಿನ ಕಣ್ಣಿಗೆ ಮೊದಲು ಬಿದ್ದದ್ದು ಈ ಸೀಲಿಯನ್ ತುಕಡಿ. ಗದ್ದಲ ಕೇಳಿದೊಡನೆ ಹರ್ಮಿನಿಯಸ್ ಹಿಂದಿನಿಂದ ಎದ್ದ, ಎಡಬಲದ ಬಾಗಿಲುಗಳಿಂದ ಕೂಗು ಎದ್ದಿತು. ನಾಲ್ಕೂ ಕಡೆಯಿಂದ ಮುಚ್ಚಿಕೊಂಡ ಮೇಲೆ ಲೂಟಿ ಮಾಡಲು ಬಂದವರು ಎಲ್ಲಿಗೆ ಹೋಗಬೇಕು? ಆಮೇಲೆ ಹೊಳೆಯ ಈಚೆ ದಡದಲ್ಲಿ ಮನಬಂದಂತೆ ತಿರುಗುವ ಆಟ ನಿಂತಿತು ಎನ್ನುತ್ತಾನೆ ಲಿವಿ.

ಸಂಶಯಾತ್ಮ

ಚೆನ್ನಾಗಿದೆ. ಆದರೆ 508ರಲ್ಲಿ ಗಾಬಿ ದಾರಿಗೆ ಮೈಲಿಗಲ್ಲು ನೆಟ್ಟಿದ್ದವರು ಯಾರು? ಲಿವಿ ಆ ದೃಶ್ಯದಲ್ಲಿ ಬಳಸುವ ತುಕಡಿಗಳ ಹೆಸರುಗಳೂ ಎಷ್ಟೋ ನಂತರದ ಸೇನಾ ವ್ಯವಸ್ಥೆಯವು. ತನ್ನ ಕಾಲದ ರೋಮಿನ ನಕ್ಷೆ ಮುಂದಿಟ್ಟುಕೊಂಡು ಅವನು ಹೂಡಿದ ಬಲೆ ಇದು.

ಅದಿರಲಿ, ಪೋರ್ಸೆನ್ನ ಸೋತು ಹೋದನೇ? ಸೇತುವೆ ಕಾದ ಹೊರೇಷಿಯಸ್, ಬಲಗೈಯನ್ನು ಬೆಂಕಿಗಿಟ್ಟ ಮ್ಯೂಷಿಯಸ್, ನದಿ ಈಜಿ ಬಂದ ಕ್ಲೋಯೆಲಿಯ ಇವರ ಸಾಹಸಕ್ಕೆ ಬೆರಗಾಗಿ ಅವನು ಗೌರವದಿಂದ ಹಿಂದಿರುಗಿದ ಎನ್ನುವುದು ಮನೆಮಾತು. ಆದರೆ ರೋಮಿನ ಇನ್ನೊಬ್ಬ ಇತಿಹಾಸಕಾರ ಟ್ಯಾಸಿಟಸ್, ನಗರ ಪೋರ್ಸೆನ್ನನಿಗೆ ಶರಣಾಗಿತ್ತು ಎಂದು ಹೋಗುವ ದಾರಿಯಲ್ಲಿ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾನೆ. ಬೇಸಾಯಕ್ಕಲ್ಲದೆ ಬೇರಾವುದಕ್ಕೂ ಕಬ್ಬಿಣ ಬಳಸಕೂಡದು ಎಂಬ ಷರತ್ತನ್ನು ಪೋರ್ಸೆನ್ನ ರೋಮನ್ನರ ಮೇಲೆ ಹೇರಿದ್ದನೆಂದು ಹಿರಿಯ ಪ್ಲಿನಿ ಬರೆಯುತ್ತಾನೆ. ಗೆದ್ದವರು ಇಂಥ ಕರಾರಿಗೆ ಒಪ್ಪುತ್ತಾರೆಯೇ?

ಘಟಪ್ರಭಾ

ಮುತ್ತಿಗೆಯಲ್ಲಿ ಸೋತ ಊರಿನವನೂ ಒಂದು ದಿನ ಲೂಟಿಕೋರರನ್ನು ಬಲೆಗೆ ಕೆಡವಬಹುದಲ್ಲವೇ? ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಮೈಲಿಗಲ್ಲು ಬೇಡವೆಂದರೆ ಬಿಡಿ.

ನಾಣ್ಯಪ್ರಿಯೆ

ನನಗೆ ಆ ಅಂತ್ಯಕ್ರಿಯೆಯ ದುಡ್ಡಿನ ಬಗ್ಗೆ ಹೇಳಲಿಕ್ಕಿದೆ. ಪ್ರತಿಯೊಬ್ಬ ಪ್ರಜೆಯೂ ಒಂದೊಂದು ಕ್ವಾಡ್ರನ್ಸ್ ಹಾಕಿದ ಎನ್ನುತ್ತಾನೆ ಪ್ಲುಟಾರ್ಕ್. ಕ್ವಾಡ್ರನ್ಸ್ ಎಂದರೆ ಕಂಚಿನ ಚಿಲ್ಲರೆ, ಆಸ್ ಎಂಬ ನಾಣ್ಯದ ಕಾಲು ಭಾಗ. ರೋಮ್ ನಾಣ್ಯ ಮಾಡಲು ಆರಂಭಿಸಿದ್ದೇ ಕ್ರಿ.ಪೂ. 300ರ ಆಸುಪಾಸಿನಲ್ಲಿ. 503ರಲ್ಲಿ ಅಲ್ಲಿ ಕಂಚಿನ ತುಂಡುಗಳನ್ನು ತಕ್ಕಡಿಯಲ್ಲಿ ತೂಗಿ ವ್ಯವಹಾರ ಮಾಡುತ್ತಿದ್ದರು. ಆದ್ದರಿಂದ ಆ ಕಾಸು ಹಾಕುವ ದೃಶ್ಯ ಪೂರ್ತಿ ಕಲ್ಪನೆ. ಲಿವಿ ಬುದ್ಧಿವಂತ, ಸಾರ್ವಜನಿಕ ಹಣದಿಂದ ಖರ್ಚು ನೀಗಿತು ಎಂದಷ್ಟೇ ಹೇಳಿ ಸುಮ್ಮನಾಗುತ್ತಾನೆ.

ಆದರೆ ಹಣಕಾಸಿನ ಎಲ್ಲ ಸಂಗತಿಯೂ ಹೀಗೆ ಪೊಳ್ಳಲ್ಲ. ಮುತ್ತಿಗೆಯ ಭಯದಲ್ಲಿ ಜನ ಎಲ್ಲಿ ರಾಜನನ್ನೇ ವಾಪಸು ಕರೆದುಬಿಡುತ್ತಾರೋ ಎಂದು ಸೆನೆಟ್ ಕೈಗೊಂಡ ಕ್ರಮಗಳನ್ನು ಲಿವಿ ಪಟ್ಟಿ ಮಾಡುತ್ತಾನೆ. ಧಾನ್ಯ ಕೊಳ್ಳಲು ವೋಲ್ಸಿಯರ ನಾಡಿಗೂ ಕ್ಯೂಮೆಗೂ ಆಳುಗಳನ್ನು ಕಳುಹಿಸಿದರು. ಉಪ್ಪಿನ ಬೆಲೆ ಕೈಗೆಟುಕದಂತೆ ಏರಿತ್ತು. ಮಾರುವ ಹಕ್ಕನ್ನು ಖಾಸಗಿಯವರಿಂದ ಕಿತ್ತುಕೊಂಡು ಸರ್ಕಾರವೇ ಇಟ್ಟುಕೊಂಡಿತು. ಬಡವರಿಗೆ ಬಂದರು ಸುಂಕವನ್ನೂ ಯುದ್ಧ ತೆರಿಗೆಯನ್ನೂ ಮಾಫಿ ಮಾಡಿದರು. ಬಡವ ಮಕ್ಕಳನ್ನು ಸಾಕಿದರೆ ಅದೇ ಅವನು ಕಟ್ಟುವ ತೆರಿಗೆ ಎಂಬ ಮಾತು ಅಲ್ಲಿದೆ. ವೀರಗಾಥೆ ಕಟ್ಟುವವನು ಉಪ್ಪಿನ ಬೆಲೆಯನ್ನು ಹುಟ್ಟಿಸಿಕೊಂಡು ಬರೆಯುವುದಿಲ್ಲ ಎಂದು ನನ್ನ ಲೆಕ್ಕ. ಖಜಾನೆಯನ್ನು ತನ್ನ ಮನೆಯಲ್ಲಿಟ್ಟುಕೊಳ್ಳದೆ ಶನಿದೇವನ ಗುಡಿಯಲ್ಲಿ ಇರಿಸಿ, ನೋಡಿಕೊಳ್ಳಲು ಇಬ್ಬರು ಯುವಕರನ್ನು ನೇಮಿಸಿಕೊಳ್ಳಿ ಎಂದು ಪಬ್ಲಿಕೋಲ ಜನರಿಗೆ ಹೇಳಿದನೆಂದೂ ಪ್ಲುಟಾರ್ಕ್ ಬರೆಯುತ್ತಾನೆ. ರೋಮಿನ ಖಜಾನೆ ಮುಂದೆ ಶತಮಾನಗಳ ಕಾಲ ಆ ಗುಡಿಯಲ್ಲೇ ಇತ್ತು.

ನಿರ್ವಾಹಕರು

ಸೋಲನ್ ಬಗ್ಗೆ ಪ್ರತ್ಯೇಕ ಎಳೆ ಇದೆ. ಅಮೆರಿಕದ ಸಂವಿಧಾನದ ಪರವಾಗಿ 1787–88ರಲ್ಲಿ ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಮೂವರೂ ‘ಪಬ್ಲಿಯಸ್’ ಎಂಬ ಗುಪ್ತನಾಮದಲ್ಲಿ ಬರೆದದ್ದು ಇವನ ಹೆಸರಿನಲ್ಲೇ ಎಂದು ಒಬ್ಬ ಸದಸ್ಯರು ಖಾಸಗಿ ಸಂದೇಶದಲ್ಲಿ ನೆನಪಿಸಿದ್ದಾರೆ. ಮಾಹಿತಿ ಸರಿಯಾಗಿದೆ, ಆದರೆ ಅಮೆರಿಕದ ರಾಜಕೀಯವನ್ನು ದಯವಿಟ್ಟು ಇಲ್ಲಿಗೆ ಎಳೆಯಬೇಡಿ.

ಹಳೆಯ ಪುಟ

ಎಲ್ಲರಿಗೂ ಧನ್ಯವಾದ. ಈಗ ನಾನು ಈ ಎಳೆ ತೆರೆದ ನಿಜವಾದ ಕಾರಣಕ್ಕೆ ಬರುತ್ತೇನೆ.

ರೋಮಿನಿಂದ ಆಗ್ನೇಯಕ್ಕೆ, ಕರಾವಳಿಯ ಬಯಲಿನ ಅಂಚಿನಲ್ಲಿ ಸಾಟ್ರಿಕಂ ಎಂಬ ಹಾಳೂರು ಇದೆ. ಈಗ ಅಲ್ಲಿ ಲೆ ಫೆರ್ರಿಯೆರೆ ಎಂಬ ಸಣ್ಣ ಊರು. 1977ರಲ್ಲಿ ಡಚ್ ಪುರಾತತ್ವಜ್ಞರು ಅಲ್ಲಿನ ಮಾಟೆರ್ ಮಟೂಟ ದೇವಿಯ ಗುಡಿಯ ಅಡಿಪಾಯ ಪರಿಶೀಲಿಸುವಾಗ ಅಕ್ಷರ ಕೊರೆದ ಒಂದು ಕಲ್ಲು ಸಿಕ್ಕಿತು. ಗುಡಿಯನ್ನು ಹೊಸದಾಗಿ ಕಟ್ಟಿದವರು ಯಾವುದೋ ಹಳೆಯ ಪೀಠದ ಕಲ್ಲನ್ನು ಕಿತ್ತು ತಂದು ತಳಪಾಯಕ್ಕೆ ಹಾಕಿಬಿಟ್ಟಿದ್ದರು. ಗುಡಿಯ ಆ ಹಂತ ಕ್ರಿ.ಪೂ. ಐದನೆಯ ಶತಮಾನದ ಆರಂಭದ್ದು. ಹಾಗಾಗಿ ಕಲ್ಲು ಅದಕ್ಕಿಂತ ಹಳೆಯದು, ಸುಮಾರು 500ರದ್ದು.

ಎರಡು ಸಾಲು. ಮೊದಲ ಸಾಲಿನ ಆರಂಭ ಒಡೆದುಹೋಗಿದೆ. ಉಳಿದದ್ದು: ‘...ಇಏಇ ಸ್ಟೆಟೆರಾಯ್ ಪೊಪ್ಲಿಯೊಸಿಯೊ ವಲೆಸಿಯೊಸಿಯೊ / ಸುವೊದಲೆಸ್ ಮಮರ್ತೆಯ್’. ಪೊಪ್ಲಿಯೊಸ್ ವಲೆಸಿಯೊಸ್‌ನ ಸಂಗಾತಿಗಳು ಮಾರ್ಸ್ ದೇವರಿಗೆ ಇದನ್ನು ನಿಲ್ಲಿಸಿದರು ಎಂದು ಸಾಮಾನ್ಯವಾಗಿ ಅರ್ಥ ಮಾಡುತ್ತಾರೆ. ಹಳೆಯ ಲ್ಯಾಟಿನ್ನಿನಲ್ಲಿ ಎರಡು ಸ್ವರಗಳ ನಡುವಿನ ಸಕಾರ ಮುಂದೆ ರಕಾರವಾಯಿತು. ಅಂದರೆ ವಲೆಸಿಯೊಸ್ ಎಂಬುದೇ ವಲೇರಿಯಸ್, ಪೊಪ್ಲಿಯೊಸ್ ಎಂಬುದೇ ಪಬ್ಲಿಯಸ್.

ನಮ್ಮ ಕಾನ್ಸಲ್‌ನ ಹೆಸರು, ಅವನದೇ ಕಾಲ, ಕಲ್ಲಿನ ಮೇಲೆ. ಲಿವಿಯೂ ಇಲ್ಲ, ಆಂಟಿಯಾಸ್ ಕೂಡ ಇಲ್ಲ.

ಸಂಶಯಾತ್ಮ

ಹೆಸರು ಹೊಂದಿದ ಮಾತ್ರಕ್ಕೆ ಮನುಷ್ಯ ಅವನೇ ಆಗಬೇಕೆಂದಿಲ್ಲ. ಪಬ್ಲಿಯಸ್ ಆ ಮನೆತನದಲ್ಲಿ ಮತ್ತೆಮತ್ತೆ ಇಡುತ್ತಿದ್ದ ಹೆಸರು, ಪಬ್ಲಿಕೋಲನ ಮಗನ ಹೆಸರೂ ಅದೇ. ರೋಮಿನ ಕಾನ್ಸಲ್‌ನ ಕಡೆಯವರು ಸಾಟ್ರಿಕಂನಲ್ಲಿ ಏಕೆ ಹರಕೆಯ ಕಲ್ಲು ನಿಲ್ಲಿಸಬೇಕು? ಕಲ್ಲಿನಲ್ಲಿ ಕಾನ್ಸಲ್ ಎಂದಿಲ್ಲ, ರೋಮ್ ಎಂದೂ ಇಲ್ಲ.

ಇತಿಹಾಸ ಮೇಷ್ಟ್ರು

ಕಲ್ಲಿನಲ್ಲಿ ಏನಿಲ್ಲವೋ ಅದೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಹರಕೆ ಒಪ್ಪಿಸಿದವರು ತಮ್ಮನ್ನು ಇಂಥ ಊರಿನವರು, ಇಂಥ ಕುಲದವರು ಎಂದು ಗುರುತಿಸಿಕೊಳ್ಳುವುದಿಲ್ಲ. ಇಂಥ ಮನುಷ್ಯನ ಸಂಗಾತಿಗಳು ಎನ್ನುತ್ತಾರೆ. ಹರಕೆ ಸಲ್ಲಿಸಿದ್ದು ಯುದ್ಧದ ದೇವರಿಗೆ. ಒಬ್ಬ ನಾಯಕನಿಗೆ ಅಂಟಿಕೊಂಡ ಆಯುಧಪಾಣಿಗಳ ಬಳಗ ಇದು ಎಂದು ಓದುವ ಇತಿಹಾಸಕಾರರು ಇದ್ದಾರೆ. ನನಗೂ ಆ ಓದು ಸರಿ ಎನಿಸುತ್ತದೆ.

ಆ ಕಾಲದ ಮಧ್ಯ ಇಟಲಿಯಲ್ಲಿ ಇಂಥ ಬಳಗಗಳ ಸುಳಿವು ಬೇಕಾದಷ್ಟಿದೆ. ಪಬ್ಲಿಕೋಲನ ನಾಲ್ಕನೆಯ ಕಾನ್ಸಲ್‌ಗಿರಿಯ ವರ್ಷವೇ, 504ರಲ್ಲಿ, ಆಟಸ್ ಕ್ಲೌಸಸ್ ಎಂಬ ಸಬೈನ್ ಮುಖಂಡ ತನ್ನ ಆಶ್ರಿತರ ದೊಡ್ಡ ಪಡೆಯನ್ನೇ ಕಟ್ಟಿಕೊಂಡು ರೋಮಿಗೆ ವಲಸೆ ಬಂದ. ಐದು ಸಾವಿರ ಕುಟುಂಬ ಎನ್ನುತ್ತಾನೆ ಪ್ಲುಟಾರ್ಕ್. ಸಂಖ್ಯೆಯನ್ನು ಸಂಶಯಾತ್ಮರಿಗೆ ಬಿಟ್ಟುಕೊಡುತ್ತೇನೆ. ಅವರಿಗೆ ಪೌರತ್ವ ಕೊಟ್ಟು ಆನಿಯೊ ನದಿಯ ಆಚೆ ಜಮೀನು ಕೊಟ್ಟರು, ಮುಖಂಡ ಸೆನೆಟ್ ಸೇರಿದ. ಅಪಿಯಸ್ ಕ್ಲಾಡಿಯಸ್‌ಗಳ ಪ್ರಖ್ಯಾತ ಮನೆತನ ಶುರುವಾದದ್ದು ಹೀಗೆ. 477ರಲ್ಲಿ ಫೇಬಿಯಸ್ ವಂಶದ 306 ಮಂದಿ ಕ್ರೆಮೆರ ನದಿಯ ಬಳಿ ವೇಯಿ ನಗರದ ವಿರುದ್ಧ ತಮ್ಮದೇ ಯುದ್ಧ ನಡೆಸಿ ನಾಶವಾದರು. 460ರಲ್ಲಿ ಅಪಿಯಸ್ ಹರ್ಡೋನಿಯಸ್ ಎಂಬ ಸಬೈನ್ ರಾತ್ರೋರಾತ್ರಿ ತನ್ನ ಜನರೊಂದಿಗೆ ಬಂದು ಕ್ಯಾಪಿಟಲ್ ಗುಡ್ಡವನ್ನೇ ಹಿಡಿದುಬಿಟ್ಟ. ಇವರೆಲ್ಲ ಗಡಿಯನ್ನಾಗಲಿ ಊರನ್ನಾಗಲಿ ನಮ್ಮ ಹಾಗೆ ಎಣಿಸಿದವರಲ್ಲ. ವಲೇರಿಯಸ್‌ಗಳೂ ಮೂಲದಲ್ಲಿ ಸಬೈನರೆಂದೇ ಪ್ರತೀತಿ. ಅಂಥ ಮುಖಂಡನ ಕಡೆಯವರು ಸಾಟ್ರಿಕಂನಲ್ಲಿ ಹರಕೆ ತೀರಿಸಿದರೆ ನನಗೆ ಆಶ್ಚರ್ಯವಿಲ್ಲ.

ಕಾನೂನು ವಿದ್ಯಾರ್ಥಿನಿ

ಹಾಗಿದ್ದರೆ ಆ ಮನೆಯ ಕಥೆ ಬೇರೆಯಾಗಿಯೇ ಕಾಣುತ್ತದೆ. ಊರಿನ ಮಧ್ಯದ ಎತ್ತರದಲ್ಲಿ ಮನೆ, ಜೊತೆಗೆ ತನ್ನದೇ ಆಳುಪಡೆ, ಅಧಿಕಾರದಲ್ಲಿ ಪಾಲುದಾರನಿಲ್ಲ. ಜನ ಹೆದರಿದ್ದು ಮನೆಯ ಅಂದಚೆಂದಕ್ಕಲ್ಲ.

ಹಳೆಯ ಪುಟ

ನನ್ನ ವಾದವನ್ನು ನೀವೇ ಆಡಿಬಿಟ್ಟಿರಿ. ಲಿವಿಯ ಬರಹವೂ ಅದನ್ನು ಒಪ್ಪುತ್ತದೆ. ದಿಬ್ಬದ ಮೇಲಿನ ಆ ಮನೆ ಭೇದಿಸಲಾಗದ ಕೋಟೆಯಾಗುತ್ತದೆ ಎಂಬುದೇ ಅಲ್ಲಿನ ಗುಸುಗುಸು. ವೈಭವದ ದೂರು ಬಂದದ್ದು ಆಮೇಲಿನವರ ಬಾಯಲ್ಲಿ. ಸಾಧು ಮನುಷ್ಯನೊಬ್ಬ ವಿನಯದಿಂದ ಕಟ್ಟು ತಗ್ಗಿಸಿದ ಎಂದು ಓದಿದರೆ ನೀತಿಕಥೆ. ಬೇಕಿದ್ದರೆ ಊರನ್ನೇ ವಶಪಡಿಸಿಕೊಳ್ಳಬಲ್ಲ ಸಶಸ್ತ್ರ ಮುಖಂಡ, ಜನರ ಎದುರು ಲೆಕ್ಕಾಚಾರ ಹಾಕಿ, ತಾನಾಗಿ ಬೆಟ್ಟ ಇಳಿದ ಎಂದು ಓದಿದರೆ ರಾಜಕೀಯ. ಎರಡನೆಯವನೇ ನನಗೆ ಹೆಚ್ಚು ನಿಜವೆನಿಸುತ್ತಾನೆ. ಅವನ ಬಡತನವನ್ನು ಮಾತ್ರ ನಂಬುವುದಿಲ್ಲ. ಪ್ಯಾಲಟೈನ್ ಗುಡ್ಡದ ಉತ್ತರ ಇಳಿಜಾರಿನಲ್ಲಿ, ವೇಲಿಯದ ಪಕ್ಕದಲ್ಲೇ, ಪುರಾತತ್ವಜ್ಞ ಆಂಡ್ರಿಯಾ ಕರಾಂಡಿನಿ ಅಗೆದಾಗ ಸಿಕ್ಕಿದ್ದು ಕ್ರಿ.ಪೂ. ಆರನೆಯ ಶತಮಾನದ ಕೊನೆಯ ಭಾಗದ ದೊಡ್ಡದೊಡ್ಡ ಮನೆಗಳ ತಳಪಾಯ. ಆ ನೆರೆಹೊರೆಯಲ್ಲಿದ್ದವರು ಅಂತ್ಯಕ್ರಿಯೆಗೆ ಚಂದಾ ಎತ್ತಿಸಿಕೊಳ್ಳುವವರಲ್ಲ.

ನಾಣ್ಯಪ್ರಿಯೆ

ಸಾರ್ವಜನಿಕ ಖರ್ಚಿನ ಅಂತ್ಯಕ್ರಿಯೆ ಒಂದು ಗೌರವ. ಅದನ್ನು ಮುಂದಿನವರು ಬಡತನ ಎಂದು ವಿವರಿಸಿಕೊಂಡಿರಬಹುದು. ಗೋರಿಯ ವಿಷಯ ನೋಡಿ: ನಗರದೊಳಗೆ ಹೂಳುವುದನ್ನೂ ಸುಡುವುದನ್ನೂ ರೋಮಿನ ಹಳೆಯ ಲಿಖಿತ ಕಾನೂನಾದ ಹನ್ನೆರಡು ಫಲಕಗಳ ಕಾನೂನು ನಿಷೇಧಿಸಿತ್ತು. ಆದರೂ ಪಬ್ಲಿಕೋಲನ ವಂಶಕ್ಕೆ ವೇಲಿಯದ ಬಳಿ ಆ ಹಕ್ಕು ಇತ್ತು. ಅವರು ಅದನ್ನು ಹೇಗೆ ಉಳಿಸಿಕೊಂಡರೆಂದು ಪ್ಲುಟಾರ್ಕ್ ವಿವರಿಸುತ್ತಾನೆ. ವಂಶದಲ್ಲಿ ಯಾರಾದರೂ ಸತ್ತರೆ ಶವವನ್ನು ಅಲ್ಲಿಗೆ ಹೊತ್ತು ತಂದು ಇಳಿಸುತ್ತಾರೆ. ಒಬ್ಬ ಉರಿಯುವ ಪಂಜನ್ನು ಒಂದು ಕ್ಷಣ ಅದರ ಕೆಳಗೆ ಹಿಡಿದು ತೆಗೆಯುತ್ತಾನೆ. ಹಕ್ಕು ನಮ್ಮದು, ಆದರೂ ಬಿಟ್ಟುಕೊಡುತ್ತಿದ್ದೇವೆ ಎಂದು ತೋರಿಸಿದ ಹಾಗಾಯಿತು. ನಂತರ ಶವವನ್ನು ಊರಾಚೆಗೆ ಒಯ್ಯುತ್ತಾರೆ. ಇದು ಬಡ ಮನೆತನದ ನಡವಳಿಕೆಯೇ?

ಘಟಪ್ರಭಾ

ಆ ವೇಲಿಯ ದಿಬ್ಬವನ್ನು ಈಗ ಹೋಗಿ ನೋಡಬಹುದೇ?

ಇತಿಹಾಸ ಮೇಷ್ಟ್ರು

ಬಹುಪಾಲು ಇಲ್ಲ. ಕೊಲೋಸಿಯಂನಿಂದ ವೆನೆಜಿಯ ಚೌಕಕ್ಕೆ ನೇರ ರಸ್ತೆ ಬೇಕೆಂದು ಮುಸೊಲಿನಿ ಅದನ್ನು ಕಡಿಸಿ ಹಾಕಿಸಿದ. 1932ರ ಅಕ್ಟೋಬರ್ 28ರಂದು ರಸ್ತೆಯ ಉದ್ಘಾಟನೆ. ಬೆತ್ತದ ಕಟ್ಟನ್ನೇ ಪಕ್ಷದ ಲಾಂಛನ ಮಾಡಿಕೊಂಡವನು, ಆ ಕಟ್ಟನ್ನು ತಗ್ಗಿಸಿದವನ ದಿಬ್ಬವನ್ನು ಅಗೆಸಿದ್ದು ವಿಚಿತ್ರವೇ.

ಸಂಶಯಾತ್ಮ

ಸೇತುವೆ ಕಾದವನಲ್ಲ, ಇನ್ನೊಬ್ಬ ಹೊರೇಷಿಯಸ್ ವಿಷಯವನ್ನು ಯಾರೂ ಎತ್ತಲಿಲ್ಲವಲ್ಲ. ಪಬ್ಲಿಕೋಲನ ಮನೆಯವರ ಹೊಟ್ಟೆಕಿಚ್ಚು ಬಯಲಾಗುವುದು ಅಲ್ಲಿ. ಕ್ಯಾಪಿಟಲ್ ಗುಡ್ಡದ ಮೇಲಿನ ಜುಪಿಟರ್ ದೇವಾಲಯದ ಪ್ರತಿಷ್ಠಾಪನೆ ಸಹ ಕಾನ್ಸಲ್ ಮಾರ್ಕಸ್ ಹೊರೇಷಿಯಸ್ ಪಾಲಿಗೆ ಬಂತು. ಪಬ್ಲಿಕೋಲ ಯುದ್ಧಕ್ಕೆ ಹೋಗಿದ್ದ. ಹೊರೇಷಿಯಸ್ ಬಾಗಿಲ ಕಂಬ ಹಿಡಿದು ಮಂತ್ರ ಹೇಳುತ್ತಿದ್ದಾನೆ. ಪಬ್ಲಿಕೋಲನ ತಮ್ಮ ಮಾರ್ಕಸ್ ವಲೇರಿಯಸ್ ಬಾಗಿಲ ಬಳಿಯೇ ನಿಂತಿದ್ದವನು, ನಿನ್ನ ಮಗ ಸತ್ತಿದ್ದಾನೆ ಎಂದು ಕೂಗಿದ. ಸೂತಕ ತಗಲಿದವನು ಪ್ರತಿಷ್ಠೆ ಮಾಡುವಂತಿಲ್ಲ. ಹೊರೇಷಿಯಸ್ ಕಂಬದಿಂದ ಕೈ ತೆಗೆಯಲಿಲ್ಲ. ಹೆಣವನ್ನು ಹೊರಗೆ ಒಯ್ಯಿರಿ ಎಂದಷ್ಟೇ ಹೇಳಿ ಮಂತ್ರ ಮುಗಿಸಿದ. ಸುದ್ದಿ ಸುಳ್ಳಾಗಿತ್ತು ಎನ್ನುತ್ತಾನೆ ಪ್ಲುಟಾರ್ಕ್.

ಕಾರ್ತೇಜಿನೊಂದಿಗೆ ರೋಮ್ ಮಾಡಿಕೊಂಡ ಮೊದಲ ಒಪ್ಪಂದಕ್ಕೆ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಕೊಡುವ ಕಾಲ, ಪರ್ಷಿಯದ ದೊರೆ ಜರ್ಕ್ಸೀಸ್ ಗ್ರೀಸಿಗೆ ದಾಟುವುದಕ್ಕೆ 28 ವರ್ಷ ಮೊದಲು, ಅಂದರೆ 508ರ ಸುಮಾರು. ಕಾನ್ಸಲ್‌ಗಳು ಬ್ರೂಟಸ್ ಮತ್ತು ಹೊರೇಷಿಯಸ್ ಎನ್ನುತ್ತಾನೆ. ಪಬ್ಲಿಕೋಲನ ಹೆಸರಿಲ್ಲ! ದೇವಾಲಯದ ಮೇಲೂ ಹೊರೇಷಿಯಸ್, ಒಪ್ಪಂದದಲ್ಲೂ ಹೊರೇಷಿಯಸ್. ಅವರಿಬ್ಬರನ್ನು ಪಕ್ಕಕ್ಕೆ ಸರಿಸಿ ವಲೇರಿಯಸ್‌ಗಳು ತಮ್ಮ ಹಿರಿಯನನ್ನು ಮೊದಲ ವರ್ಷದೊಳಗೆ ನುಗ್ಗಿಸಿದರೇ ಎಂಬುದು ನನ್ನ ಕಡೆಯ ಆಕ್ಷೇಪ. ಕಲ್ಲಿನಲ್ಲಿರುವ ಮನುಷ್ಯ ಇದ್ದ ಎಂದು ಒಪ್ಪುತ್ತೇನೆ. ಅವನಿಗೆ ಸಶಸ್ತ್ರ ಸಂಗಾತಿಗಳಿದ್ದರು ಎಂದೂ ಒಪ್ಪುತ್ತೇನೆ. ಮೊದಲ ವರ್ಷದ ಕಾನ್ಸಲ್‌ಗಿರಿಯನ್ನೂ ಮೇಲ್ಮನವಿಯ ಕಾನೂನನ್ನೂ ಒಪ್ಪುವುದಿಲ್ಲ.

ಹಳೆಯ ಪುಟ

ಮೊದಲ ವರ್ಷವನ್ನು ಬಿಟ್ಟುಕೊಟ್ಟರೂ ನನಗೆ ನಷ್ಟವಿಲ್ಲ. ಉಳಿದ ಮೂರು ವರ್ಷ ಇವೆ. ಕಾನೂನಿನ ಬಗ್ಗೆ ಮೇಷ್ಟ್ರೂ ನೀವೂ ಹೊಡೆದಾಡಿಕೊಳ್ಳಿ.

ಕಾನೂನು ವಿದ್ಯಾರ್ಥಿನಿ

ಕಲ್ಲು ಈಗ ಎಲ್ಲಿದೆ?

ಹಳೆಯ ಪುಟ

ರೋಮಿನಲ್ಲಿ, ಡಯೊಕ್ಲೀಷಿಯನ್ ಸ್ನಾನಗೃಹದ ವಸ್ತುಸಂಗ್ರಹಾಲಯದ ಶಾಸನ ವಿಭಾಗದಲ್ಲಿ. ಟರ್ಮಿನಿ ರೈಲು ನಿಲ್ದಾಣದ ಎದುರಿಗೇ. ಸ್ಪೂರಿಯಸ್ ಕ್ಯಾಸಿಯಸ್ ಬಗ್ಗೆ ಯಾರಾದರೂ ಹೊಸ ಎಳೆ ತೆರೆಯುವುದಾದರೆ ಕೊಂಡಿಯನ್ನು ಇಲ್ಲಿ ಹಾಕಿ.